ಸ್ಪೋರ್ಟ್ ಬೈಕ್ ಕೊಟ್ಟು ಹಳೇ ಕ್ರೂಸರ್ ತಗೊಳ್ಳಬೇಕಾ? ಕೈ ಕುಲುಕುವ ಮುಂಚೆ ಮಾಡಬೇಕಾದ 8 ಕೆಲಸ

ಈ ಪ್ರಶ್ನೆ ಕೇಳುವವರಲ್ಲಿ ಹೆಚ್ಚಿನವರು ಮೊದಲೇ ಒಂದು ಕ್ರೂಸರ್ (ತಗ್ಗಿನ ಸೀಟಿನಲ್ಲಿ ಕಾಲು ಮುಂದೆ ಚಾಚಿ ನೆಟ್ಟಗೆ ಕೂರುವ ಬೈಕ್) ನೋಡಿ ಬಂದಿರುತ್ತಾರೆ. ಫೋಟೋ ಮೊಬೈಲಿನಲ್ಲೇ ಇರುತ್ತದೆ. ಅವರಿಗೆ ಬೇಕಿರುವುದು ಸಲಹೆ ಅಲ್ಲ, ಒಪ್ಪಿಗೆ. ನಾನೂ ಹಾಗೇ ಇದ್ದೆ. ಒಂದು ಸಂಜೆ ನೋಡಿದೆ, ಮೂರೇ ದಿನದಲ್ಲಿ, ಮುಂದಕ್ಕೆ ಬಾಗಿ ಓಡಿಸುವ ನನ್ನ ಸ್ಪೋರ್ಟ್ ಬೈಕ್ ಕೊಟ್ಟು ಕ್ರೂಸರ್ ತಂದೆ, ಎಂಟು ತಿಂಗಳಿಗೆ ಅದನ್ನೂ ಮಾರಿದೆ. ಬೈಕ್ ಕೆಟ್ಟದಾಗಿರಲಿಲ್ಲ. ನಾನು ಕೆಲಸಗಳನ್ನು ಮಾಡಿದ ಕ್ರಮ ತಲೆಕೆಳಗಾಗಿತ್ತು, ಅಷ್ಟೇ.

ಎಡವುವವರೆಲ್ಲ ಸಾಮಾನ್ಯವಾಗಿ ಇಲ್ಲೇ ಎಡವುತ್ತಾರೆ: ಮೊದಲು ಬೈಕ್ ಆರಿಸುತ್ತಾರೆ, ಆಮೇಲೆ ಕಾರಣ ಹುಡುಕುತ್ತಾರೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ನಡುವೆ ಎಲ್ಲಾದರೂ "ಬೇಡ" ಅನ್ನುವ ಉತ್ತರ ಬಂದರೆ ಅಲ್ಲೇ ನಿಲ್ಲಿಸಿ. ಮುಂದಿನದನ್ನು ಓದುವ ಅಗತ್ಯವೇ ಇಲ್ಲ.

ಕೈಯಲ್ಲಿ ಇರಬೇಕಾದ ಸಾಮಾನು

ಒಂದು ಚಿಕ್ಕ ನೋಟ್‌ಬುಕ್. ಅಳತೆ ಟೇಪು. ಟೈರಿನ ಗಾಳಿ ನೋಡುವ ಗೇಜ್. ಸಣ್ಣ ಟಾರ್ಚು. ಬ್ಯಾಟರಿ ಪರೀಕ್ಷಿಸಲು ಮಲ್ಟಿಮೀಟರ್; ಅಗ್ಗದ್ದೇ ಸಾಕು. ಎರಡು ಬಿಳಿ ಬಟ್ಟೆ ಚೂರು. ನಿಮ್ಮದೇ ಹೆಲ್ಮೆಟ್, ಗ್ಲೌಸು, ಗಟ್ಟಿ ಬೂಟು. ಜೊತೆಗೆ ಬೈಕ್ ಗೊತ್ತಿರುವ, ಈ ವ್ಯವಹಾರದಲ್ಲಿ ಯಾವ ಆಸೆಯೂ ಇಲ್ಲದ ಒಬ್ಬ ಸ್ನೇಹಿತ. ಈ ಕೊನೆಯದೇ ಎಲ್ಲಕ್ಕಿಂತ ಮುಖ್ಯ. ಕ್ರೋಮ್ ಹೊಳಪು ಕಂಡಾಗ ನಿಮ್ಮ ಕಣ್ಣು ಮಂಕಾಗುತ್ತದೆ, ಅವನದು ಆಗುವುದಿಲ್ಲ.

ಹಂತ 1: ಎರಡು ವಾರ ದೂರು ಬರೆಯಿರಿ

ಈಗಿನ ಬೈಕನ್ನು ಎಂದಿನಂತೆ ಓಡಿಸಿ. ಪ್ರತಿ ಸಲ ಇಳಿದ ತಕ್ಷಣ ಮೂರು ಸಾಲು ಬರೆಯಿರಿ: ಎಷ್ಟು ಹೊತ್ತು ಓಡಿಸಿದೆ, ಎಲ್ಲಿ ನೋವಾಯಿತು, ಯಾವುದಕ್ಕೆ ಬೇಸರವಾಯಿತು. "ಮೈಯೆಲ್ಲ ನೋವು" ಅಂತ ಬರೆಯಬೇಡಿ. "25ನೇ ನಿಮಿಷಕ್ಕೆ ಬಲ ಮಣಿಕಟ್ಟು, 40ಕ್ಕೆ ಕುತ್ತಿಗೆ" ಅಂತ ಬರೆಯಿರಿ.

ಎರಡು ವಾರ ಕಳೆದ ಮೇಲೆ ಓದಿ ನೋಡಿದರೆ ಒಂದೋ ಎರಡೋ ದೂರು ಮತ್ತೆ ಮತ್ತೆ ಬಂದಿರುತ್ತವೆ. ನಿಮ್ಮ ನಿಜವಾದ ಸಮಸ್ಯೆ ಅದೇ. ಕ್ರೂಸರ್ ಅದನ್ನು ಸರಿ ಮಾಡುತ್ತದಾ ಅನ್ನುವುದನ್ನು ಈಗ ನೋಡಿ.

ಮಣಿಕಟ್ಟು, ಕುತ್ತಿಗೆ ನೋವಾದರೆ: ಹೌದು, ಬಹುತೇಕ ಸರಿಹೋಗುತ್ತದೆ. ಬೆನ್ನು ನೆಟ್ಟಗಾಗುತ್ತದೆ, ಕೈ ಮೇಲಿನ ಭಾರ ಇಳಿಯುತ್ತದೆ.

ಕೆಳಬೆನ್ನು, ಬಾಲಮೂಳೆ ನೋವಾದರೆ: ಹುಷಾರು. ಕಾಲು ಮುಂದೆ ಚಾಚಿ ಕೂತಾಗ ದೇಹದ ಭಾರವೆಲ್ಲ ಸೊಂಟದ ಮೇಲೆ ಬೀಳುತ್ತದೆ. ಗುಂಡಿ ಬಂದಾಗ ಕಾಲಿನ ಮೇಲೆ ಎದ್ದು ನಿಲ್ಲಲೂ ಆಗುವುದಿಲ್ಲ. ಈಗಿನ ನೋವು ಇನ್ನೂ ಜಾಸ್ತಿಯಾಗಬಹುದು.

ಬಿಸಿಯ ದೂರಾದರೆ: ಸ್ಪೋರ್ಟ್ ಬೈಕಿನ ರೇಡಿಯೇಟರ್ ಫ್ಯಾನ್ ಕಾಲಿಗೆ ಬಿಸಿಗಾಳಿ ಊದುತ್ತದೆ, ನಿಜ. ಆದರೆ ಗಾಳಿಯಿಂದ ತಣಿಯುವ ದೊಡ್ಡ ವಿ-ಟ್ವಿನ್ (ವಿ ಆಕಾರದಲ್ಲಿ ಎರಡು ಸಿಲಿಂಡರ್ ಇರುವ) ಎಂಜಿನ್ನಿನ ಹಿಂದಿನ ಸಿಲಿಂಡರ್ ಇರುವುದು ನಿಮ್ಮ ತೊಡೆಯ ಕೆಳಗೇ. ನಿಂತು ನಿಂತು ಹೋಗುವ ಟ್ರಾಫಿಕ್ಕಿನಲ್ಲಿ ಅದು ಒಲೆ ಮುಂದೆ ಕೂತ ಹಾಗೆ.

ಹಿಂದೆ ಕೂರುವವರ ದೂರಾದರೆ: ಎಷ್ಟೋ ಕ್ರೂಸರ್‌ಗಳ ಹಿಂದಿನ ಸೀಟು ಅಂಗೈ ಅಗಲ. ಒರಗು ಹಾಕಿಸದಿದ್ದರೆ ಹೊರಡುವಾಗಲೇ ಅವರು ಹಿಂದಕ್ಕೆ ಜಾರುತ್ತಾರೆ.

"ಜೋರಾಗಿ ಓಡಿಸಿಬಿಡುತ್ತೇನೆ, ನನ್ನ ಮೇಲೆ ನನಗೇ ಭಯ" ಅನ್ನುವುದಾದರೆ: ಇದು ಸಾಚಾ ಕಾರಣ. ಕ್ರೂಸರ್ ನಿಮ್ಮನ್ನು ಓಡಲು ಕೆಣಕುವುದಿಲ್ಲ. ಹಾಗಂತ ಅದು ತಾನಾಗಿಯೇ ಸುರಕ್ಷಿತ ಗಾಡಿಯೂ ಅಲ್ಲ. ಭಾರ ಜಾಸ್ತಿ, ವಾಲುವುದು ಕಡಿಮೆ, ನಿಲ್ಲಲು ಜಾಗ ಬೇಕು.

ದುಡ್ಡಿನ ದೂರಾದರೆ ಹಂತ 5ರವರೆಗೆ ತಡೆಯಿರಿ.

ನೋಟ್‌ಬುಕ್ಕಿನಲ್ಲಿ ದೂರೇ ಇಲ್ಲ, ಸುಮ್ನೆ ಕ್ರೂಸರ್ ಇಷ್ಟ ಅಂತಾದರೆ ಅದರಲ್ಲೂ ತಪ್ಪೇನಿಲ್ಲ. ಆದರೆ ಹಾಗಂತ ಒಪ್ಪಿಕೊಳ್ಳಿ. ಇಷ್ಟಕ್ಕೆ ಬೆನ್ನುನೋವಿನ ನೆಪ ಹೇಳಬೇಡಿ. ಮುಂದಿನ ಲೆಕ್ಕವೆಲ್ಲ ಅದರಿಂದಲೇ ಹಾಳಾಗುವುದು.

ಹಂತ 2: ಇರುವ ಬೈಕಿನಲ್ಲೇ ಅಗ್ಗದ ರಿಪೇರಿ ಮಾಡಿ ನೋಡಿ

ಇದನ್ನು ಎಲ್ಲರೂ ಹಾರಿಸುತ್ತಾರೆ. ನೋವಿನ ಅರ್ಧ ಭಾಗ ಬೈಕಿನದಲ್ಲ, ಅದನ್ನು ಹೊಂದಿಸಿಕೊಳ್ಳದೇ ಇರುವುದರದ್ದು.

ಖರ್ಚಿಲ್ಲದ್ದನ್ನು ಮೊದಲು ಮಾಡಿ. ಬ್ರೇಕ್ ಮತ್ತು ಕ್ಲಚ್ ಲಿವರ್‌ಗಳನ್ನು ತುಸು ಕೆಳಗೆ ತಿರುಗಿಸಿ. ಬೆರಳು ಚಾಚಿದಾಗ ಮಣಿಕಟ್ಟು ಮುಂಗೈಗೆ ನೇರವಾಗಿರಬೇಕು. ಟೈರಿನ ಗಾಳಿ ಕಂಪನಿ ಹೇಳಿದಷ್ಟಿದೆಯಾ ನೋಡಿ. ಮಂಡಿಯಿಂದ ಟ್ಯಾಂಕ್ ಒತ್ತಿ ಹಿಡಿದು ಹೊಟ್ಟೆಯ ಬಲದಲ್ಲಿ ಕೂರುವ ಅಭ್ಯಾಸ ಮಾಡಿ. ಕೈ ಮೇಲೆ ಒರಗುವವರಿಗೆ ಸ್ಪೋರ್ಟ್ ಬೈಕ್ ಯಾವತ್ತೂ ಹಿಂಸೆಯೇ.

ಆಮೇಲೆ ಸಸ್ಪೆನ್ಷನ್. ಯಾರೂ ಕೂರದಿದ್ದಾಗ, ಹಿಂದಿನ ಚಕ್ರ ನೆಲ ಬಿಡುವಷ್ಟು ಎತ್ತಿ ಚಕ್ರದ ಮಧ್ಯದಿಂದ ಬಾಲದವರೆಗೆ ಟೇಪಿನಲ್ಲಿ ಅಳೆಯಿರಿ. ನೀವು ಕೂತು, ಕಾಲು ಪೆಗ್ (ಕಾಲಿಡುವ ಕಡ್ಡಿ) ಮೇಲಿಟ್ಟು ಮತ್ತೆ ಅಳೆಸಿ. ವ್ಯತ್ಯಾಸ 30ರಿಂದ 35 ಮಿಲಿಮೀಟರ್ ಸುತ್ತ ಇರಬೇಕು. ತೀರಾ ಕಡಿಮೆ ಇದ್ದರೆ ಸ್ಪ್ರಿಂಗ್ ನಿಮಗೆ ಬಿಗಿಯಾಗಿದೆ, ಪ್ರತಿ ಗುಂಡಿಯೂ ಬೆನ್ನಿಗೆ ಹೊಡೆಯುತ್ತದೆ.

ಅದಾದ ಮೇಲೆ ಖರ್ಚಿನ ಬದಲಾವಣೆ: ಹ್ಯಾಂಡಲ್ ಎತ್ತರಿಸುವ ರೈಸರ್, ತಗ್ಗಿಸಿದ ಪೆಗ್, ಎತ್ತರದ ವಿಂಡ್‌ಸ್ಕ್ರೀನ್, ಬೇರೆ ಸೀಟು. ಒಂದು ಸಲಕ್ಕೆ ಒಂದೇ ಬದಲಿಸಿ. ಎಲ್ಲ ಒಟ್ಟಿಗೆ ಹಾಕಿಸಿದರೆ ಯಾವುದರಿಂದ ಆರಾಮಾಯಿತು ಅಂತ ಗೊತ್ತಾಗುವುದಿಲ್ಲ.

ಅಪಾಯದ ಸೂಚನೆ: ರೈಸರ್ ಹಾಕಿಸಿದ ಮೇಲೆ ಎಂಜಿನ್ ಚಾಲೂ ಇಟ್ಟು, ನ್ಯೂಟ್ರಲ್‌ನಲ್ಲಿ ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ. ಬ್ರೇಕ್ ಹೋಸ್ ಎಳೆದುಕೊಂಡರೆ, ಹೆಬ್ಬೆರಳು ಟ್ಯಾಂಕಿಗೆ ಸಿಕ್ಕಿಕೊಂಡರೆ, ಎಂಜಿನ್ ಸದ್ದು ತಾನಾಗೇ ಏರಿದರೆ ಆ ಗಾಡಿಯನ್ನು ರಸ್ತೆಗೆ ತರಬೇಡಿ.

ಇಷ್ಟು ಮಾಡಿ ಇನ್ನೆರಡು ವಾರ ದೂರು ಬರೆಯಿರಿ. ಪಟ್ಟಿ ಅರ್ಧಕ್ಕೆ ಇಳಿದಿದ್ದರೆ ನಿಮಗೆ ಕ್ರೂಸರ್ ಬೇಕಿಲ್ಲ. ಕುತ್ತಿಗೆ, ಮಣಿಕಟ್ಟು ಮಾತ್ರ ಉಳಿದಿದ್ದರೆ ನೆಟ್ಟಗೆ ಕೂರಿಸುವ ನೇಕೆಡ್ ಬೈಕನ್ನೋ (ಮೈಮೇಲೆ ಪ್ಲಾಸ್ಟಿಕ್ ಹೊದಿಕೆ ಇಲ್ಲದ್ದು) ಸ್ಪೋರ್ಟ್ ಟೂರರನ್ನೋ (ದೂರ ಪ್ರಯಾಣಕ್ಕೆ ಹೊಂದಿಸಿದ ಸ್ಪೋರ್ಟ್ ಬೈಕ್) ಒಮ್ಮೆ ಓಡಿಸಿ ನೋಡಿ. ಕ್ರೂಸರ್‌ಗೆ ಹೋಗಿ ವಾಪಸ್ ಬಂದವರಲ್ಲಿ ಎಷ್ಟೋ ಜನರಿಗೆ ಬೇಕಿದ್ದದ್ದು ಅದೇ. ನನಗೂ ಅದೇ ಬೇಕಿತ್ತು.

ಹಂತ 3: ಕಾಗದದ ಮೇಲೆ ಎರಡನ್ನೂ ಹೋಲಿಸಿ

ನಿಮ್ಮ ಬೈಕಿನದು, ಕಣ್ಣಿಟ್ಟ ಕ್ರೂಸರಿನದು, ಎರಡರ ಐದು ಅಂಕಿ ಬರೆದುಕೊಳ್ಳಿ: ತೂಕ, ಸೀಟಿನ ಎತ್ತರ, ಎರಡು ಚಕ್ರಗಳ ನಡುವಿನ ಅಂತರ, ಮುಂದಿನ ಫೋರ್ಕ್ (ಮುಂಚಕ್ರ ಹಿಡಿದಿರುವ ಜೋಡಿ ಕೊಳವೆ) ಎಷ್ಟು ಡಿಗ್ರಿ ಓರೆ, ಹಿಂದಿನ ಸಸ್ಪೆನ್ಷನ್ ಎಷ್ಟು ಮಿಲಿಮೀಟರ್ ಕುಸಿಯುತ್ತದೆ.

ಯಮಹಾ ಆರ್6 ತೆಗೆದುಕೊಳ್ಳಿ: ಚಕ್ರಗಳ ಅಂತರ 1375 ಮಿ.ಮೀ., ಸೀಟು 850 ಮಿ.ಮೀ., ಫೋರ್ಕಿನ ಓರೆ 24 ಡಿಗ್ರಿ. ಕ್ರೂಸರ್‌ಗಳಲ್ಲಿ ಚಿಕ್ಕದಾದ ಹೋಂಡಾ ರೆಬೆಲ್ 500ರ ಸೀಟು 690 ಮಿ.ಮೀ., ಓರೆ 28 ಡಿಗ್ರಿ. ರಾಯಲ್ ಎನ್‌ಫೀಲ್ಡ್ ಸೂಪರ್ ಮೀಟಿಯರ್ 650 ತೂಗುವುದು 241 ಕಿಲೋ, ಚಕ್ರಗಳ ಅಂತರ 1500 ಮಿ.ಮೀ. ದೊಡ್ಡ ಹಾರ್ಲಿ-ಡೇವಿಡ್ಸನ್ ಬೈಕುಗಳಲ್ಲಿ ಎಷ್ಟೋ 300 ಕಿಲೋ ದಾಟುತ್ತವೆ.

ಈ ಅಂಕಿಗಳ ಅರ್ಥ ಏನು? ಅಂತರ ಮತ್ತು ಓರೆ ಜಾಸ್ತಿಯಾದಷ್ಟು ಬೈಕ್ ನೇರ ರಸ್ತೆಯಲ್ಲಿ ರೈಲಿನ ಹಾಗೆ ಹೋಗುತ್ತದೆ, ತಿರುಗಲು ಸೋಮಾರಿಯಾಗುತ್ತದೆ. ಸೀಟು ತಗ್ಗಿದಷ್ಟು ಕಾಲು ಸಲೀಸಾಗಿ ನೆಲಕ್ಕೆ ಮುಟ್ಟುತ್ತದೆ, ಆದರೆ ಅದಕ್ಕಾಗಿ ಸಾಮಾನ್ಯವಾಗಿ ಹಿಂದಿನ ಸಸ್ಪೆನ್ಷನ್ ಕುಸಿತವನ್ನೇ ಕಡಿಮೆ ಮಾಡಿರುತ್ತಾರೆ. ಸ್ಪೋರ್ಟ್ ಬೈಕಿನ ಹಿಂಬದಿ ಸುಮಾರು 120 ಮಿ.ಮೀ. ಕುಸಿದರೆ, ಎಷ್ಟೋ ಕ್ರೂಸರ್‌ಗಳದ್ದು 100ನ್ನೂ ಮುಟ್ಟುವುದಿಲ್ಲ. ಮೆತ್ತನೆ ಸೀಟು ನೋಡಿ ಮೆತ್ತನೆ ಸವಾರಿ ಅಂದುಕೊಳ್ಳುವುದು ಇಲ್ಲಿ ಆಗುವ ತಪ್ಪು.

ವಾಲುವ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಸ್ಪೋರ್ಟ್ ಬೈಕ್ ಒಳ್ಳೆ ಟೈರಿನ ಮೇಲೆ 45 ಡಿಗ್ರಿ ದಾಟಿ ವಾಲಬಲ್ಲದು. ಕ್ರೂಸರ್‌ಗಳ ಪೆಗ್ಗೋ ಫುಟ್‌ಬೋರ್ಡೋ 25ರಿಂದ 35 ಡಿಗ್ರಿ ನಡುವೆಯೇ ನೆಲ ಕೆರೆಯುತ್ತದೆ. ಮೊದಲ ಸಲ ನನಗೆ ಅದು ಆಗಿದ್ದು ತೀರಾ ಸಾಧಾರಣ ತಿರುವಿನಲ್ಲಿ, ದಿನಾ ಹೋಗುವ ವೇಗಕ್ಕಿಂತ ಕಡಿಮೆಯಲ್ಲಿ. ಕರ್ರ್ ಅಂತ ಸದ್ದು, ಬೂಟಿನ ಹಿಮ್ಮಡಿ ನಡುಗಿತು, ಎದೆ ಧಸಕ್ ಅಂತು. ಗಾಬರಿಯಲ್ಲಿ ಬೈಕನ್ನು ನೆಟ್ಟಗೆ ಮಾಡಿಬಿಟ್ಟೆ, ಅದು ಸೀದಾ ಎದುರು ಬದಿಗೆ ಹೊರಟಿತು. ಎದುರು ಯಾರೂ ಬರದಿದ್ದದ್ದು ಅದೃಷ್ಟ. ಪೆಗ್ ಕೆರೆಯುವುದು ಎಚ್ಚರಿಕೆ ಮಾತ್ರ, ಮಡಚಿಕೊಳ್ಳುವಂತೆ ಅದನ್ನು ಮಾಡಿರುತ್ತಾರೆ. ಅದಕ್ಕೂ ಮೀರಿ ವಾಲಿಸಿದರೆ ಮಡಚದ ಗಟ್ಟಿ ಭಾಗ ನೆಲಕ್ಕೆ ತಾಗಿ ಚಕ್ರವನ್ನೇ ಎತ್ತುತ್ತದೆ. ನಿಮ್ಮ ದಾರಿ ತುಂಬ ಘಾಟಿ ತಿರುವುಗಳೇ ಇದ್ದರೆ, ಅವನ್ನೇ ಆನಂದಿಸುವವರು ನೀವಾದರೆ, ಈ ಒಂದು ಅಂಶಕ್ಕೇ ನಿಲ್ಲಿಸಬಹುದು.

ಎಂಜಿನ್ನಿನ ಸ್ವಭಾವವೂ ಬೇರೆ. ನಾಲ್ಕು ಸಿಲಿಂಡರಿನ ಸ್ಪೋರ್ಟ್ ಬೈಕ್ ನಿಮಿಷಕ್ಕೆ ಹತ್ತು ಸಾವಿರ ಸುತ್ತು ದಾಟಿದ ಮೇಲೆ ಹಾಡುತ್ತದೆ. ದೊಡ್ಡ ವಿ-ಟ್ವಿನ್ ಐದಾರು ಸಾವಿರಕ್ಕೇ ಸಾಕು ಅನ್ನುತ್ತದೆ. ಅದರ ಬಲವೆಲ್ಲ ಕೆಳಗೇ ಇದೆ.

ಹಂತ 4: ಎರಡು ಗಂಟೆ ಓಡಿಸಿ, ಹದಿನೈದು ನಿಮಿಷ ಅಲ್ಲ

ದೂರದ ಬೆಟ್ಟ ನುಣ್ಣಗೆ. ಹದಿನೈದು ನಿಮಿಷದ ಟೆಸ್ಟ್ ರೈಡಿನಲ್ಲಿ ಪ್ರತಿ ಕ್ರೂಸರೂ ಸೋಫಾ ಅನ್ನಿಸುತ್ತದೆ. ಬಾಡಿಗೆಗೆ ತಗೊಳ್ಳಿ, ಸ್ನೇಹಿತರದ್ದು ಕೇಳಿ. ಒಂದು ದಿನದ ಬಾಡಿಗೆ ದುಬಾರಿ ಅನ್ನಿಸಿದರೆ, ತಪ್ಪು ಬೈಕ್ ಕೊಂಡು ಮಾರುವಾಗ ಆಗುವ ನಷ್ಟದ ಪಕ್ಕ ಇಟ್ಟು ನೋಡಿ.

ಓಡಿಸುವ ಕ್ರಮ ಹೀಗಿರಲಿ. ಮೊದಲು ಎಂಜಿನ್ ಆರಿಸಿ, ಕೊಂಚ ಇಳಿಜಾರಿನಲ್ಲಿ ಬೈಕನ್ನು ಹಿಂದಕ್ಕೆ ತಳ್ಳಿ. ಇದು ಆಗದಿದ್ದರೆ ಪಾರ್ಕಿಂಗಿನಲ್ಲಿ ದಿನಾ ಯಾರನ್ನಾದರೂ ಕರೆಯಬೇಕಾಗುತ್ತದೆ. ಆಮೇಲೆ ಖಾಲಿ ಜಾಗದಲ್ಲಿ ನಿಧಾನವಾಗಿ ಎಡಕ್ಕೂ ಬಲಕ್ಕೂ ಯೂ-ಟರ್ನ್. ಅಗಲ ಹ್ಯಾಂಡಲ್ ಇದ್ದರೆ ಹೊರಗಿನ ಕೈ ಸಿಗದೇ ಹೋಗುತ್ತದಾ ಗಮನಿಸಿ. ನಂತರ ಕ್ರಮೇಣ ವೇಗ ಹೆಚ್ಚಿಸುತ್ತಾ ಗಟ್ಟಿಯಾಗಿ ಬ್ರೇಕ್ ಹಾಕಿ ನೋಡಿ. ಸ್ಪೋರ್ಟ್ ಬೈಕಿನಲ್ಲಿ ಹಿಂದಿನ ಬ್ರೇಕನ್ನು ಮರೆತೇಬಿಟ್ಟಿರುತ್ತೀರಿ. ಉದ್ದ, ತಗ್ಗಿನ ಕ್ರೂಸರಿನಲ್ಲಿ ಹಿಂದಿನ ಚಕ್ರದ ಮೇಲೆ ಭಾರ ಉಳಿದಿರುತ್ತದೆ, ಹಾಗಾಗಿ ಆ ಬ್ರೇಕು ನಿಜಕ್ಕೂ ಕೆಲಸ ಮಾಡುತ್ತದೆ.

ಆಮೇಲೆ ಹೆದ್ದಾರಿ, ಕನಿಷ್ಠ 40 ನಿಮಿಷ, ನಡುವೆ ನಿಲ್ಲಿಸದೆ. ಗಾಳಿ ಎದೆಗೆ ಹೊಡೆಯುತ್ತದೆ. ಬೀಳದಿರಲು ಹ್ಯಾಂಡಲನ್ನೇ ಹಿಡಿದು ಜೋತಾಡುತ್ತಿದ್ದೀರಾ? ಭುಜ ನೋಯಲು ಶುರುವಾಗುವುದು ಅಲ್ಲಿಂದಲೇ. ಬೇಕಂತಲೇ ಕೆಟ್ಟ ರಸ್ತೆಗೂ ಇಳಿಸಿ. ಹಂಪ್ ಮೇಲೆ ಹೊಟ್ಟೆ ತಾಗುತ್ತದಾ ನೋಡಿ. ಹಿಂದೆ ಕೂರುವವರಿದ್ದರೆ ಕೊನೆಯ ಅರ್ಧ ಗಂಟೆ ಅವರನ್ನೂ ಕೂರಿಸಿಕೊಳ್ಳಿ.

ತೀರ್ಪು ಅವತ್ತೇ ಬೇಡ. ಮಾರನೇ ದಿನ ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಸೊಂಟ ಏನು ಹೇಳುತ್ತದೆ ಅದನ್ನು ಬರೆದುಕೊಳ್ಳಿ.

ಸ್ಪೋರ್ಟ್ ಬೈಕಿನಿಂದ ಬರುವವರಿಗೆ ನನ್ನ ಒಲವು ಕಾಲು ಸ್ವಲ್ಪವೇ ಮುಂದಿರುವ, ಮಧ್ಯದ ಪೆಗ್ಗಿನ ಕ್ರೂಸರುಗಳ ಕಡೆಗೆ. ಮೈ ಹಳೆಯ ಅಭ್ಯಾಸ ಪೂರ್ತಿ ಬಿಡಬೇಕಾಗಿಲ್ಲ. ಕವಾಸಾಕಿ ವಲ್ಕನ್ ಎಸ್‌ನಲ್ಲಿ ಪೆಗ್ಗನ್ನು ಮೂರು ಜಾಗದಲ್ಲಿ ಕೂರಿಸಬಹುದು. ಓಡಿಸುವಾಗ ಮಂಡಿ ನೆಟ್ಟಗೆ ಚಾಚಿಹೋಗಿದ್ದರೆ ಪೆಗ್ಗು ನಿಮಗೆ ದೂರವಾಯಿತು ಅಂತಲೇ ಲೆಕ್ಕ.

ಹಂತ 5: ಲೆಕ್ಕ

ಎಕ್ಸ್‌ಚೇಂಜ್‌ನಲ್ಲಿ ಜನ ಮೋಸ ಹೋಗುವುದು ಒಂದೇ ಕಡೆ: ತಮ್ಮ ಬೈಕಿಗೆ ಎಷ್ಟು ಕೊಟ್ಟರು ಅಂತ ನೋಡುತ್ತಾರೆ, ಕೈಯಿಂದ ಎಷ್ಟು ಹೋಯಿತು ಅಂತ ನೋಡುವುದಿಲ್ಲ.

ಉದಾಹರಣೆಗೆ, ಒಬ್ಬ ನಿಮ್ಮ ಬೈಕಿಗೆ 60 ಕೊಡುತ್ತಾನೆ, ಕ್ರೂಸರಿಗೆ 100 ಹೇಳುತ್ತಾನೆ. ಇನ್ನೊಬ್ಬ ನಿಮ್ಮದಕ್ಕೆ 50 ಮಾತ್ರ ಕೊಟ್ಟು, ಅಂಥದ್ದೇ ಕ್ರೂಸರಿಗೆ 85 ಕೇಳುತ್ತಾನೆ. "ನನ್ನ ಗಾಡಿಗೆ ಬರೀ 50ಆ?" ಅಂತ ಬೇಜಾರಾಗಿ ಮೊದಲನೆಯವನ ಹತ್ತಿರ ಹೋದರೆ 40 ಕೊಡುತ್ತೀರಿ. ಎರಡನೆಯವನಿಗೆ 35 ಸಾಕಿತ್ತು.

ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ: "ನಾನು ಬೈಕೇ ಕೊಡಲ್ಲ, ಪೂರ್ತಿ ದುಡ್ಡು ಕೊಡ್ತೀನಿ, ಈ ಕ್ರೂಸರ್ ಎಷ್ಟು?" ಆ ಉತ್ತರ ಬರೆದುಕೊಂಡ ಮೇಲೆ ನಿಮ್ಮ ಬೈಕಿನ ಮಾತೆತ್ತಿ. ಕ್ರಮ ಬದಲಾಯಿಸಬೇಡಿ.

ನೀವೇ ನೇರವಾಗಿ ಮಾರಿದರೆ ಸಾಮಾನ್ಯವಾಗಿ ಜಾಸ್ತಿ ಸಿಗುತ್ತದೆ, ಏಕೆಂದರೆ ವ್ಯಾಪಾರಿ ತನ್ನ ಲಾಭ, ರಿಪೇರಿ ಖರ್ಚು ಕಳೆದೇ ಬೆಲೆ ಕಟ್ಟುತ್ತಾನೆ. ಆ ಹೆಚ್ಚಿನ ದುಡ್ಡು ನಿಮ್ಮ ತಲೆನೋವಿಗೆ ಸಮವಾ ಅನ್ನುವುದು ನಿಮ್ಮ ಲೆಕ್ಕ. ಸಾಲ ಬಾಕಿ ಇದ್ದರೆ ಕಂತಿನ ಮೊತ್ತ ನೋಡಬೇಡಿ, ಇವತ್ತು ಪೂರ್ತಿ ತೀರಿಸಲು ಎಷ್ಟು ಬೇಕು ಅಂತ ಬರಹದಲ್ಲಿ ತರಿಸಿಕೊಳ್ಳಿ.

ಕ್ರೂಸರಿನ ಬೆಲೆಗೆ ಇವನ್ನೂ ಸೇರಿಸಿ: ಹೆಸರು ಬದಲಾವಣೆ, ವಿಮೆ, ಹೊಸ ಟೈರು, ಬ್ಯಾಟರಿ, ಎಲ್ಲ ಆಯಿಲ್ ಮತ್ತು ಬ್ರೇಕ್ ದ್ರವ, ವಿಂಡ್‌ಶೀಲ್ಡ್, ಹಿಂದಿನ ಒರಗು. ಸೆಕೆಂಡ್ ಹ್ಯಾಂಡ್ ಬೈಕ್ ಮೊದಲ ಆರು ತಿಂಗಳಲ್ಲಿ ಇವನ್ನೆಲ್ಲ ಒಂದೊಂದಾಗಿ ಕೇಳುತ್ತದೆ. ಉಳಿತಾಯವೂ ಇದೆ, ಅದನ್ನೂ ಬರೆಯಿರಿ. ಸ್ಪೋರ್ಟ್ ಬೈಕಿನ ವಾಲ್ವ್ ಅಂತರ ಸರಿಮಾಡಲು ಸಾಮಾನ್ಯವಾಗಿ ಕ್ಯಾಮ್‌ಶಾಫ್ಟನ್ನೇ (ವಾಲ್ವ್ ತೆರೆಯುವ ದಂಡ) ಬಿಚ್ಚಬೇಕು, ಕೂಲಿ ದುಬಾರಿ. ಹಾರ್ಲಿಯ ದೊಡ್ಡ ವಿ-ಟ್ವಿನ್‌ಗಳಂಥ ಎಂಜಿನ್ನುಗಳಲ್ಲಿ ಹೈಡ್ರಾಲಿಕ್ ಲಿಫ್ಟರ್ ಆ ಅಂತರವನ್ನು ತಾನೇ ಹೊಂದಿಸಿಕೊಳ್ಳುತ್ತದೆ.

ಹಂತ 6: ಕ್ರೂಸರ್ ಪರೀಕ್ಷೆ

ಬರುವ ಮುಂಚೆ ಹೇಳಿಬಿಡಿ: "ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ." ಹೋದ ತಕ್ಷಣ ಸಿಲಿಂಡರಿನ ಹತ್ತಿರ ಕೈ ತಂದು ನೋಡಿ. ಬೆಚ್ಚಗಿದ್ದರೆ ತಣ್ಣಗಿದ್ದಾಗ ಸ್ಟಾರ್ಟ್ ಆಗದ ಕಾಯಿಲೆಯನ್ನು ಮುಚ್ಚಿರಬಹುದು. ನಾನಾದರೆ ಇನ್ನೊಂದು ದಿನ ಬರುತ್ತೇನೆ ಅಂತ ಹೊರಟುಬಿಡುತ್ತೇನೆ.

1. ಕಾಗದ. ಫ್ರೇಮ್ ನಂಬರ್ ಹೆಚ್ಚಾಗಿ ಹ್ಯಾಂಡಲ್ ಕೆಳಗಿನ ಕತ್ತಿನ ಭಾಗದಲ್ಲಿ ಕೆತ್ತಿರುತ್ತದೆ. ಟಾರ್ಚು ಹಿಡಿದು ಒಂದೊಂದೇ ಅಕ್ಷರ ಓದಿ, ಕಾಗದಕ್ಕೆ ತಾಳೆ ನೋಡಿ. ಅಲ್ಲಿ ಉಜ್ಜಿದ ಗುರುತೋ ಹೊಸ ಬಣ್ಣವೋ ಇದ್ದರೆ ಮಾತೇ ಬೇಡ.

2. ಟೈರು. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಕಡಿಮೆ ಓಡಿದ ಕ್ರೂಸರಿನಲ್ಲಿ ಟೈರಿನ ಮೇಲಿನ ಗೀರು ಆಳವಾಗಿಯೇ ಇರುತ್ತದೆ, ರಬ್ಬರ್ ಮಾತ್ರ ಕಲ್ಲಾಗಿರುತ್ತದೆ. ಐದಾರು ವರ್ಷ ದಾಟಿದ್ದರೆ ಹೊಸ ಟೈರಿನ ದುಡ್ಡನ್ನು ಬೆಲೆಯಲ್ಲಿ ಕಳೆಯಿರಿ.

3. ಬಿದ್ದ ಗುರುತು. ಕ್ರೋಮ್ ಮಿಂಚುವ ಕಡೆ ನೋಡಬೇಡಿ. ಕೂತು ಫುಟ್‌ಬೋರ್ಡಿನ ಅಡಿ, ಲಿವರಿನ ತುದಿ, ಹ್ಯಾಂಡಲ್ ತುದಿ, ಸೈಲೆನ್ಸರಿನ ಹೊರಮೈ ನೋಡಿ. ಫುಟ್‌ಬೋರ್ಡಿನ ಅಂಚು ಕೆರೆದಿದ್ದರೆ ಅದು ತಿರುವಿನದು, ಪರವಾಗಿಲ್ಲ. ಒಂದೇ ಪಕ್ಕದ ಎಲ್ಲ ತುದಿಗಳೂ ಹೊಸದಾಗಿದ್ದರೆ ಆ ಪಕ್ಕಕ್ಕೆ ಬಿದ್ದಿದೆ. ನಿಂತಲ್ಲೇ ವಾಲಿ ಬೀಳುವುದು ಭಾರದ ಕ್ರೂಸರಿಗೆ ಸಾಮಾನ್ಯ. ಹ್ಯಾಂಡಲನ್ನು ಎರಡೂ ಬದಿಗೆ ತಿರುಗಿಸಿ, ಎರಡು ಕಡೆಯೂ ಒಂದೇ ಅಂತರದಲ್ಲಿ ನಿಲ್ಲುತ್ತದಾ ನೋಡಿ.

4. ಮುಂಭಾಗ. ಫೋರ್ಕಿನ ಕೊಳವೆಯನ್ನು ಬಿಳಿ ಬಟ್ಟೆಯಿಂದ ಒರೆಸಿ, ಬ್ರೇಕ್ ಹಿಡಿದು ನಾಲ್ಕೈದು ಸಲ ಒತ್ತಿ, ಮತ್ತೆ ಒರೆಸಿ. ಎಣ್ಣೆ ಗೆರೆ ಬಂದರೆ ಸೀಲ್ ಹೋಗಿದೆ. ಮುಂದಿನ ಚಕ್ರ ನೆಲ ಬಿಡುವಂತೆ ಎತ್ತಿಸಿ ಹ್ಯಾಂಡಲನ್ನು ಮೆಲ್ಲಗೆ ತಿರುಗಿಸಿ. ನಡುಮಧ್ಯದಲ್ಲಿ ಟಕ್ ಅಂತ ಸಿಕ್ಕಿಕೊಂಡರೆ ಸ್ಟೀರಿಂಗ್ ಬೇರಿಂಗ್ ಬದಲಿಸಬೇಕು.

5. ಹಿಂದಿನ ಚಾಲನೆ. ಬೆಲ್ಟ್ ಇದ್ದರೆ ಚಕ್ರ ತಿರುಗಿಸುತ್ತಾ ಪೂರ್ತಿ ನೋಡಿ: ಬಿರುಕು ಬಿಟ್ಟ ಹಲ್ಲು, ಅಂಚಿನಲ್ಲಿ ಎದ್ದ ನೂಲು, ಕಲ್ಲು ಸಿಕ್ಕಿ ಆದ ತೂತು. ಬೆಲ್ಟ್ ಬದಲಿಸುವುದು ಚೈನ್ ಬದಲಿಸಿದಷ್ಟು ಸಲೀಸಲ್ಲ. ಎಷ್ಟೋ ಮಾದರಿಗಳಲ್ಲಿ ಹಿಂದಿನ ಚಕ್ರ ಹಿಡಿದಿರುವ ಆರ್ಮನ್ನೇ ಬಿಚ್ಚಬೇಕು. ಶಾಫ್ಟ್ ಇದ್ದರೆ ಹಿಂದಿನ ಚಕ್ರದ ಗೇರ್ ಪೆಟ್ಟಿಗೆಯ ಸುತ್ತ ಎಣ್ಣೆ ಜಿನುಗಿದೆಯಾ ನೋಡಿ.

6. ವಿದ್ಯುತ್. ಸ್ಟಾರ್ಟ್ ಮಾಡುವ ಮುಂಚೆ ಬ್ಯಾಟರಿಯಲ್ಲಿ 12.6 ವೋಲ್ಟ್ ಸುತ್ತಮುತ್ತ ಇರಬೇಕು. ಎಂಜಿನ್ ಸ್ವಲ್ಪ ಎತ್ತಿದಾಗ 13.8ರಿಂದ 14.5. ಏರದೇ 12ರಲ್ಲೇ ಉಳಿದರೆ ಚಾರ್ಜಿಂಗ್ ಇಲ್ಲ. 15 ದಾಟಿದರೆ ರೆಗ್ಯುಲೇಟರ್ ಹೋಗಿದೆ. ಎತ್ತರದ ಹ್ಯಾಂಡಲ್, ಹೆಚ್ಚುವರಿ ದೀಪ ಹಾಕಿಸಿದ್ದರೆ ಹೆಡ್‌ಲೈಟ್ ಹಿಂದೆ, ಸೀಟಿನ ಕೆಳಗೆ ವೈರಿನ ಜೋಡಣೆ ನೋಡಿ. ಟೇಪು ಸುತ್ತಿದ ಗಂಟುಗಳು ಕಂಡರೆ ಮುಂದಿನ ಮಳೆಗಾಲ ನೆನೆಸಿಕೊಳ್ಳಿ.

7. ಟ್ಯಾಂಕಿನ ಒಳಗೆ. ಮುಚ್ಚಳ ತೆಗೆದು ಟಾರ್ಚು ಬಿಡಿ. ತುಕ್ಕು ಕಂಡರೆ, ಹಳಸಿದ ಪೆಟ್ರೋಲ್ ವಾಸನೆ ಬಂದರೆ ಗಾಡಿ ತುಂಬ ದಿನ ನಿಂತಿದೆ. ಹತ್ತು ವರ್ಷದಲ್ಲಿ ಎರಡೇ ಸಾವಿರ ಕಿಲೋಮೀಟರ್ ಅಂದಾಗ ಖುಷಿಪಡುವುದಕ್ಕಿಂತ ಅನುಮಾನಪಡಿ. ದಿನಾ ಓಡಿದ ಗಾಡಿಗಿಂತ ನಿಂತ ಗಾಡಿಯೇ ಜಾಸ್ತಿ ಕಾಡುತ್ತದೆ.

8. ಎಂಜಿನ್. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ ಸೈಲೆನ್ಸರ್ ನೋಡಿ. ನೀಲಿ ಹೊಗೆ ಅಂದರೆ ಆಯಿಲ್ ಸುಡುತ್ತಿದೆ. ನೀರಿನಿಂದ ತಣಿಯುವ ಎಂಜಿನ್ನಿನಲ್ಲಿ, ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕೂಲಂಟ್ ಒಳಗೆ ಹೋಗುತ್ತಿದೆ. ಜೋರು ಸದ್ದಿನ ಸೈಲೆನ್ಸರ್ ಹಾಕಿಸಿ, ಇಂಧನದ ಹದ ಸರಿಮಾಡಿಸದಿದ್ದರೆ ಥ್ರಾಟಲ್ ಬಿಟ್ಟಾಗ ಪಟಪಟ ಅನ್ನುತ್ತದೆ. ಜೊತೆಗೆ ಆ ಸದ್ದು ಎಂಜಿನ್ನಿನ ಒಳಗಿನ ಬಡಿತವನ್ನೂ ಮುಚ್ಚುತ್ತದೆ. ನಿಮ್ಮ ಸ್ನೇಹಿತ ಎಂಜಿನ್ ಪಕ್ಕ ಕಿವಿಯಿಟ್ಟು ಕೇಳಲಿ.

ಹಾರ್ಲಿ ನೋಡುತ್ತಿದ್ದರೆ ವರ್ಷ ಕೇಳಿ. 1999ರಿಂದ 2006ರವರೆಗಿನ ಟ್ವಿನ್ ಕ್ಯಾಮ್ ಎಂಜಿನ್ನುಗಳಲ್ಲಿ ಬಹುತೇಕ ಎಲ್ಲದರಲ್ಲೂ ಕ್ಯಾಮ್ ಚೈನನ್ನು ಬಿಗಿ ಹಿಡಿಯಲು ಸ್ಪ್ರಿಂಗ್ ಒತ್ತಡದ ಪ್ಲಾಸ್ಟಿಕ್ ಅಟ್ಟೆಗಳಿವೆ. ಅವು ಸವೆದು ಚೂರುಗಳು ಆಯಿಲ್‌ಗೆ ಸೇರುತ್ತವೆ, ಆಯಿಲ್ ಪಂಪಿಗೂ ಏಟು. ಹೊರಗಿನಿಂದ ಗೊತ್ತಾಗುವುದಿಲ್ಲ, ಕವರ್ ಬಿಚ್ಚಿಯೇ ನೋಡಬೇಕು. ಬದಲಿಸಿದ ರಸೀದಿ ಇದ್ದರೆ ಸರಿ. ಇಲ್ಲದಿದ್ದರೆ ಬದಲಿಸುವ ಖರ್ಚು ಬೆಲೆಯಿಂದ ಕಳೆಯಿರಿ.

ಕೊನೆಗೆ ಓಡಿಸಿ. ಪ್ರತಿ ಗೇರಿಗೂ ಹೋಗಿ. ಮೇಲಿನ ಗೇರಿನಲ್ಲಿ ಒಮ್ಮೆಲೇ ಥ್ರಾಟಲ್ ತಿರುವಿದಾಗ ಸುತ್ತು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಬಿಸಿಯಾದ ಮೇಲೆ ನಿಂತು ನ್ಯೂಟ್ರಲ್ ಸಿಗುತ್ತದಾ ನೋಡಿ. ವಾಪಸ್ ಬಂದು ಎಂಜಿನ್ ಆರಿಸಿ, ಹತ್ತು ನಿಮಿಷ ಬಿಟ್ಟು ಕೆಳಗೆ ಹನಿ ಬಿದ್ದಿದೆಯಾ ಅಂತ ನೋಡಿದ ಮೇಲೆಯೇ ಬೆಲೆಯ ಮಾತು.

"ಇನ್ನೊಬ್ಬರು ಸಂಜೆ ಬರ್ತಿದ್ದಾರೆ, ಈಗಲೇ ಹೇಳಿ" ಅಂದರೆ? ಬರಲಿ ಬಿಡಿ.

ಹಂತ 7: ನಿಮ್ಮ ಬೈಕನ್ನು ಬಿಟ್ಟುಕೊಡುವುದು

ಹೊರಗಿನ ಸೈಲೆನ್ಸರ್, ಲಿವರ್, ರೈಸರ್‌ಗಳಿಗೆ ಹಾಕಿದ ದುಡ್ಡು ಎಕ್ಸ್‌ಚೇಂಜ್‌ನಲ್ಲಿ ವಾಪಸ್ ಬರುವುದಿಲ್ಲ. ಕಂಪನಿಯ ಭಾಗಗಳನ್ನು ಮತ್ತೆ ಜೋಡಿಸಿ, ಅವನ್ನು ಬೇರೆಯಾಗಿ ಮಾರಿ. ಚೈನ್ ತೊಳೆದು ಎಣ್ಣೆ ಹಾಕಿ, ಸರ್ವಿಸ್ ರಸೀದಿಗಳನ್ನು ತಾರೀಕಿನ ಪ್ರಕಾರ ಜೋಡಿಸಿ. ಬಿದ್ದಿದ್ದರೆ ನೀವೇ ಮೊದಲು ಹೇಳಿ. ಅವರೇ ಕಂಡುಹಿಡಿದರೆ ಬೆಲೆ ಎರಡು ಪಟ್ಟು ಇಳಿಯುತ್ತದೆ.

ನೇರ ಮಾರಾಟವಾದರೆ, ಟೆಸ್ಟ್ ರೈಡಿಗೆ ಕೀ ಕೊಡುವ ಮುಂಚೆ ಅವರ ಗುರುತಿನ ಚೀಟಿ ನೋಡಿ, ಅವರ ಗಾಡಿಯೋ ಮುಂಗಡವೋ ನಿಮ್ಮ ಹತ್ತಿರ ಇರಲಿ. ದುಡ್ಡು ಖಾತೆಗೆ ನಿಜವಾಗಿ ಬರುವವರೆಗೆ ಸಹಿ ಹಾಕಬೇಡಿ. ಹೆಸರು ಬದಲಾಗಿದೆ ಅಂತ ನೀವೇ ಖಚಿತ ಮಾಡಿಕೊಳ್ಳಿ. ಇಲ್ಲದಿದ್ದರೆ ಅವರ ದಂಡದ ಚೀಟಿ ನಿಮ್ಮ ಮನೆಗೆ ಬರುತ್ತದೆ.

ಜಾಗವೂ ದುಡ್ಡೂ ಇದ್ದರೆ ಒಂದು ತಿಂಗಳು ಎರಡನ್ನೂ ಇಟ್ಟುಕೊಳ್ಳಿ. ಬೆಳಿಗ್ಗೆ ಎದ್ದು ಕೈ ಯಾವ ಕೀಗೆ ಹೋಗುತ್ತದೆ ಅನ್ನುವುದಕ್ಕಿಂತ ಒಳ್ಳೆ ಪರೀಕ್ಷೆ ನನಗೆ ಗೊತ್ತಿಲ್ಲ.

ಹಂತ 8: ಕೊಂಡ ಮೇಲೆ ಮೊದಲ 500 ಕಿಲೋಮೀಟರ್

ಆಯಿಲ್, ಬ್ರೇಕ್ ದ್ರವ, ಹಳತಾದ ಟೈರು ಮೊದಲ ವಾರವೇ ಬದಲಿಸಿ. ಮಾರಿದವರು "ಹೋದ ತಿಂಗಳೇ ಮಾಡಿಸಿದ್ದು" ಅಂದರೂ ರಸೀದಿ ಇಲ್ಲದಿದ್ದರೆ ಮಾಡಿಸಿಲ್ಲ ಅಂತಲೇ ತಿಳಿಯಿರಿ.

ಸ್ಪೋರ್ಟ್ ಬೈಕಿನ ಮೂರು ಚಾಳಿ ಬಿಡಬೇಕು. ನಿಲ್ಲಿಸುವಾಗ ಕಾಲು ಹಿಂದಕ್ಕೆ ಹುಡುಕುತ್ತದೆ, ಪೆಗ್ಗಾಗಲಿ ಬ್ರೇಕಾಗಲಿ ಅಲ್ಲಿರುವುದಿಲ್ಲ. ಖಾಲಿ ಜಾಗದಲ್ಲಿ ಐವತ್ತು ಸಲ ನಿಲ್ಲಿಸಿ ಹೊರಡಿ. ಎರಡನೆಯದು, ಮುಂದಿನ ಬ್ರೇಕ್ ಒಂದನ್ನೇ ನಂಬುವುದು. ಎರಡನ್ನೂ ಒಟ್ಟಿಗೆ ಹಾಕಲು ಕಲಿಯಿರಿ. ಮೂರನೆಯದು, ತಿರುವಿನೊಳಗೆ ಹೋದ ಮೇಲೆ ಇನ್ನಷ್ಟು ವಾಲಿಸಿ ಸರಿಮಾಡಿಕೊಳ್ಳುವುದು. ಇಲ್ಲಿ ಆ "ಇನ್ನಷ್ಟು" ಇಲ್ಲ. ವೇಗವನ್ನು ತಿರುವಿಗೆ ಮುಂಚೆಯೇ ಇಳಿಸಿ. ಎಡಕ್ಕೆ ಹೋಗಲು ಎಡ ಹ್ಯಾಂಡಲನ್ನು ಮುಂದಕ್ಕೆ ತಳ್ಳುವುದು ಮಾತ್ರ ಎರಡರಲ್ಲೂ ಒಂದೇ, ಅಗಲ ಹ್ಯಾಂಡಲಿನಲ್ಲಿ ಇನ್ನೂ ಸುಲಭ.

ನಿಧಾನದ ತಿರುವಿನಲ್ಲಿ ಕ್ಲಚ್ ಅರ್ಧ ಹಿಡಿದು, ಹಿಂದಿನ ಬ್ರೇಕನ್ನು ಹಗುರವಾಗಿ ಒತ್ತಿ, ತಲೆಯನ್ನು ಹೋಗಬೇಕಾದ ಕಡೆ ಪೂರ್ತಿ ತಿರುಗಿಸಿ. ಮುಂದಿನ ಬ್ರೇಕ್ ಮುಟ್ಟಬೇಡಿ. ಹ್ಯಾಂಡಲ್ ತಿರುಗಿರುವಾಗ ಅದನ್ನು ಹಿಡಿದರೆ 250 ಕಿಲೋ ಸುಮ್ಮನೆ ಪಕ್ಕಕ್ಕೆ ಮಲಗಿಬಿಡುತ್ತದೆ. ಬೀಳುತ್ತಿದೆ ಅಂತ ಗೊತ್ತಾದರೆ ತಡೆಯಲು ಹೋಗಬೇಡಿ, ಕಾಲು ಎಳೆದುಕೊಳ್ಳಿ.

ಇನ್ನೊಂದು ಮಾತು. ಈ 500 ಕಿಲೋಮೀಟರ್ ಮುಗಿಯುವವರೆಗೆ ಹಳೇ ರೈಡಿಂಗ್ ಸೂಟು, ಬೂಟು ಮಾರಬೇಡಿ. ಕ್ರೂಸರಿನ ಮೇಲೆ ನೋಡಲು ಚೆನ್ನಾಗಿರಲ್ಲ ಅಂತ ನಾನು ಮೊದಲ ವಾರವೇ ಕೊಟ್ಟುಬಿಟ್ಟೆ. ಎಂಟು ತಿಂಗಳ ನಂತರ ಅದೇ ಅಳತೆಯದ್ದು ಸಿಗದೆ ಹೊಸದಕ್ಕೆ ಎರಡರಷ್ಟು ತೆತ್ತೆ, ತೋಳು ಇವತ್ತಿಗೂ ಒಂದಿಂಚು ಗಿಡ್ಡ.